ಯಾರೂ ಕೊಯ್ಯದ ಹೂವು ಬೇಕಿತ್ತು

ಮುಂಬಯಿ ಪಕ್ಕದ ಠಾಣೆಯಲ್ಲಿ ಪ್ರತಿ ವರ್ಷ ಚಳಿ ಇಳಿಯುವ ಹೊತ್ತಿಗೆ ಗಿಡಗಳ ದೊಡ್ಡ ಪ್ರದರ್ಶನ ನಡೆಯುತ್ತದೆ. ಈ ಸಲ ಹೋದಾಗ ಬಾಗಿಲಲ್ಲೇ ಒದ್ದೆ ತೆಂಗಿನನಾರಿನ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಗಿಡ ಮಾರುವವರು ಈಗ ಮಣ್ಣಿನ ಬದಲು ಅದನ್ನೇ ತುಂಬುತ್ತಾರೆ, ಹೊರಲು ಹಗುರ ಅಂತ. ಮೊದಲ ಮಳಿಗೆಯ ಮುಂದೆ ನಿಂತೆನೋ ಇಲ್ಲವೋ, ಅಲ್ಲಿನ ಹುಡುಗ ಕೇಳಿದ: "ಮ್ಯಾಡಮ್, ಕುಂಡೀತ್ ಲಾವ್ಣಾರ್ ಕೀ ಜಮಿನೀತ್?" ಕುಂಡದಲ್ಲಿ ನೆಡುತ್ತೀರೋ, ನೆಲದಲ್ಲೋ ಎಂದು. ಮರಾಠಿಯ ಆ 'ಕುಂಡಿ' ಕಿವಿಗೆ ಬಿದ್ದರೆ ನಮ್ಮ ಕನ್ನಡದವರಿಗೆ ಇಲ್ಲಿ ಎಷ್ಟು ವರ್ಷ ಕಳೆದಿದ್ದರೂ ನಗು ತಡೆಯುವುದಿಲ್ಲ. ಆದರೆ ಅವತ್ತು ನನಗೆ ನಗು ಬರಲಿಲ್ಲ. ಕುಂಡದಲ್ಲೇ ಎಂದು ಹೇಳಿ ಮುಂದೆ ಹೋದೆ. ಇದೇ ಪ್ರದರ್ಶನದಲ್ಲಿ ಇದೇ ಪ್ರಶ್ನೆಗೆ ಎದೆಯುಬ್ಬಿಸಿ ನೆಲದಲ್ಲಿ ಎಂದು ಉತ್ತರ ಕೊಟ್ಟ ವರ್ಷವೊಂದಿತ್ತು. ಆ ವಾಸನೆಗೆ ಆ ಇಡೀ ವರ್ಷ ನೆನಪಾಯಿತು.

ನಾವಿರುವುದು ಡೊಂಬಿವ್ಲಿ ಪೂರ್ವದ ಒಂದು ಹಳೆಯ ಬಿಲ್ಡಿಂಗಿನಲ್ಲಿ. ಲಿಫ್ಟಿಲ್ಲ. ನಮ್ಮವರು ಠಾಣೆಯ ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರು, ನಾನು ಕಲ್ಯಾಣದ ಒಂದು ಶಾಲೆಯ ಆಫೀಸಿನಲ್ಲಿ. ಅವರು ಹಿಡಿಯುವುದು ಮುಂಬಯಿ ಕಡೆಯ ಲೋಕಲ್ ರೈಲು, ನಾನು ಅದರ ಉಲ್ಟಾ. ಹಾಗಾಗಿ ನನಗೆ ಕೂರಲು ಸೀಟು ಸಿಗುತ್ತದೆ, ಅವರಿಗೆ ಒಂದು ಕಾಲಿಡಲು ಜಾಗ ಸಿಕ್ಕರೆ ದೊಡ್ಡದು. ಊರು ಕುಂದಾಪುರದ ಕಡೆ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇಲ್ಲಿಗೆ ಬಂದರು. ಬಂದ ಮೊದಲ ತಿಂಗಳು ಅವರಿಗೆ ಇಲ್ಲಿ ಯಾವುದೂ ಸರಿಬರಲಿಲ್ಲ. ನಲ್ಲಿ ನೀರು ಸರಿಯಿಲ್ಲ, ಕೊತ್ತಂಬರಿಗೆ ಪರಿಮಳವಿಲ್ಲ, ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡೇ ಇರುತ್ತಾರೆ. ಆಮೇಲೆ ಒಂದು ದಿನ ಬೆಳಿಗ್ಗೆ ಬಿಲ್ಡಿಂಗಿನ ಹಿಂದುಗಡೆಯ ಮಣ್ಣು ಅವರ ಕಣ್ಣಿಗೆ ಬಿತ್ತು. ಅಂದಿನಿಂದ ದೂರು ಅರ್ಧಕ್ಕರ್ಧ ಕಡಿಮೆಯಾಯಿತು.

ಅದು ತೋಟ ಎನ್ನುವಂಥದ್ದೇನಲ್ಲ. ಕಂಪೌಂಡ್ ಗೋಡೆಗೂ ಬಿಲ್ಡಿಂಗಿಗೂ ನಡುವೆ ಒಂದು ಪಟ್ಟಿ ನೆಲ, ಅಷ್ಟೇ. ಅದರಲ್ಲಿ ಯಾವ ಕಾಲದಲ್ಲಿ ಯಾರು ನೆಟ್ಟದ್ದೋ ಗೊತ್ತಿಲ್ಲದ ಮೂರು ನಮೂನೆಯ ದಾಸವಾಳ, ಎರಡು ನಂದಿಬಟ್ಟಲು, ಒಂದು ಪಾರಿಜಾತ. ಇಡೀ ಬಿಲ್ಡಿಂಗಿನ ದೇವರುಗಳೆಲ್ಲ ಆ ಗಿಡಗಳನ್ನೇ ನಂಬಿದ್ದರು. ಬೆಳಕು ಹರಿಯುವ ಹೊತ್ತಿಗೆ ಒಂದೊಂದು ಮನೆಯಿಂದ ಒಬ್ಬೊಬ್ಬ ಹೆಂಗಸು ಪ್ಲಾಸ್ಟಿಕ್ ಚೀಲ ಹಿಡಿದು ಇಳಿಯುತ್ತಿದ್ದರು. ಅತ್ತೆಯ ಕೈಯಲ್ಲಿ ಒಂದು ತಂಬಿಗೆ ನೀರೂ ಇರುತ್ತಿತ್ತು. ಮೊದಲು ಗಿಡದ ಬುಡಕ್ಕೆ ನೀರು, ಆಮೇಲೆ ಹೂವಿಗೆ ಕೈ. ಅದು ಅವರ ತಾಯಿಮನೆಯಿಂದ ಬಂದ ಪದ್ಧತಿ. ಭಾಷೆ ಬಾರದಿದ್ದರೂ ಅತ್ತೆ ಅದನ್ನು ಮರಾಠಿ ಅಜ್ಜಿಯರಿಗೂ ಎಲ್ಲರೂ 'ಬಾಯಿ' ಎಂದು ಕರೆಯುವ ಮೂರನೇ ಮಾಳಿಗೆಯ ಗುಜರಾತಿ ಹೆಂಗಸಿಗೂ ಕೈಸನ್ನೆಯಲ್ಲೇ ಕಲಿಸಿಬಿಟ್ಟರು. ಎಲ್ಲರೂ ತಂಬಿಗೆಯೋ ಬಿಸ್ಲೆರಿ ಬಾಟಲಿಯೋ ಹಿಡಿದು ಬರತೊಡಗಿದರು. ನಿನ್ನ ಬಿಳಿ ಹೂ ನನಗೆ, ನನ್ನ ಕೆಂಪು ನಿನಗೆ ಎಂಬ ವ್ಯಾಪಾರವೂ ಅಲ್ಲೇ ನಡೆಯುತ್ತಿತ್ತು. ಅತ್ತೆ ಮೇಲೆ ಬರುವಾಗ ಯಾರ ಸೊಸೆಗೆ ಎಷ್ಟನೇ ತಿಂಗಳು, ಯಾರ ಮೊಣಕಾಲಿಗೆ ಯಾವ ಎಣ್ಣೆ ಎಂಬುದೆಲ್ಲ ತಿಳಿದುಕೊಂಡು ಬರುತ್ತಿದ್ದರು. ಯಾವ ಭಾಷೆಯಲ್ಲಿ ತಿಳಿದುಕೊಳ್ಳುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಬೀದಿ ಕೊನೆಯಲ್ಲೇ ಹೂವಿನವನಿದ್ದಾನಲ್ಲ ಅತ್ತೆ, ಮೆಟ್ಟಿಲು ಹತ್ತಿ ಇಳಿದು ಯಾಕೆ ಕಷ್ಟ" ಎಂದು ಒಮ್ಮೆ ಕೇಳಿದ್ದೆ.

"ಅಂಗ್ಡಿ ಹೂ ಯಾರ್ ಯಾರ್ ಕೈ ಮುಟ್ಟಿತೋ ಏನೋ. ದೇವ್ರಿಗ್ ನಾವೇ ಕೊಯ್ದ್ ಹಾಕ್ಕ್" ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು.

ತೊಂದರೆಯೆಂದರೆ ಈ ಭಕ್ತಿಯಲ್ಲೂ ಪೈಪೋಟಿ ಇತ್ತು. ಬೆಳಿಗ್ಗೆ ತಡವಾದರೆ ಹೂ ಸಿಗುವುದಿಲ್ಲ. ಹಾಗಾಗಿ ಯಾರೋ ಒಬ್ಬರು ಸಂಜೆಯೇ ಬಂದು ಮೊಗ್ಗು ಕೊಯ್ಯತೊಡಗಿದರು. ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಮನೆಯಲ್ಲೇ ಅರಳುತ್ತದೆ. ಅದನ್ನು ಕಂಡು ಎಲ್ಲರೂ ಸಂಜೆಗೂ ಇಳಿಯತೊಡಗಿದರು. ಅತ್ತೆ ಏನೂ ಹಿಂದೆ ಬೀಳಲಿಲ್ಲ. ನಮ್ಮ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕದಲ್ಲೇ ದಾಸವಾಳದ ಮೊಗ್ಗುಗಳ ಡಬ್ಬಿ ಇರುತ್ತಿತ್ತು. ಇದರಿಂದ ಏನಾಯಿತೆಂದರೆ, ಗಿಡದ ಮೇಲೆ ಅರಳಿದ ಹೂ ಎನ್ನುವುದನ್ನು ಆ ಬಿಲ್ಡಿಂಗಿನ ಮಕ್ಕಳು ಕಂಡೇ ಇರಲಿಲ್ಲ.

ಆ ವರ್ಷ ಜನವರಿಯಲ್ಲಿ ಸೊಸೈಟಿಯ ಸೆಕ್ರೆಟರಿ ನನ್ನನ್ನು ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದರು. ಒಳ್ಳೆಯ ಮನುಷ್ಯ. ರೈಲ್ವೆಯಿಂದ ನಿವೃತ್ತರು, ಮರಾಠಿಯವರು, ಎಲ್ಲರ ಬೈಗುಳ ತಿಂದು ಸೊಸೈಟಿಯ ನೀರು-ಚರಂಡಿ ನೋಡಿಕೊಳ್ಳುವವರು. ಬಿಲ್ಡಿಂಗಿನಲ್ಲಿ ಕಾರುಗಳು ಹೆಚ್ಚಾಗಿದ್ದವು. ಹೊರಗೆ ನಿಲ್ಲಿಸಿದರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ, ಒಳಗೆ ನಿಲ್ಲಿಸಿದರೆ ಜಗಳ. ಹಿಂದಿನ ಪಟ್ಟಿಗೆ ಪೇವರ್ ಬ್ಲಾಕ್ ಹಾಸಿ ಪಾರ್ಕಿಂಗ್ ಮಾಡಬೇಕೆಂಬ ಮಾತು ಪ್ರತಿ ವರ್ಷದ ಸಭೆಯಲ್ಲೂ ಏಳುತ್ತಿತ್ತು, ಹಾಗೇ ಮಲಗುತ್ತಿತ್ತು. ಈ ಸಲ ಮಲಗುವುದಿಲ್ಲ ಎಂದರು ಸೆಕ್ರೆಟರಿ. "ನೀವೆಲ್ಲ ಗಾರ್ಡನ್ ಗಾರ್ಡನ್ ಅಂತೀರಿ. ಗಾರ್ಡನ್ ಕುಠೇ ಆಹೇ? ಎಲ್ಲಿದೆ ಗಾರ್ಡನ್? ನಾನು ನೋಡೋದು ಬರೀ ಕಡ್ಡಿ. ಸಪ್ಟೆಂಬರ್ ಸಭೆ ಹೊತ್ತಿಗೆ ಅಲ್ಲಿ ಹೂ ತೋರಿಸಿ, ನನ್ನ ಕೈ ನಿಮ್ಮ ಕಡೆಗೆ ಎತ್ತುತ್ತೇನೆ. ಇಲ್ಲಾಂದ್ರೆ ನಾನೇ ಬ್ಲಾಕ್ ಹಾಕಿಸ್ತೇನೆ."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಆ ಮಣ್ಣು ಹೋದರೆ ಅವರಿಗೆ ಈ ಊರಿನಲ್ಲಿ ಮತ್ತೆ ಉಳಿಯುವುದು ನಮ್ಮ ಕಿಟಕಿಯೊಂದೇ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮರುದಿನದಿಂದ ಅತ್ತೆ ತಂಬಿಗೆ ಹಿಡಿದು ಹೋಗಿ ನೀರು ಹಾಕಿ ಬರಿಗೈಯಲ್ಲಿ ಬಂದರು. ಹೀಗೆ ಎರಡು ದಿನ ನಡೆಯಿತು. ಮೂರನೆಯ ದಿನ ಸೆರಗಿನ ತುಂಬ ಹೂ ತಂದು ದೇವರ ಮುಂದೆ ಸುರಿದರು.

"ಎಂತ ಅತ್ತೆ?"

"ನಾನ್ ಬಿಟ್ಟದ್ದೆಲ್ಲ ಮೂರನೇ ಮಾಳಿಗಿ ಬಾಯಿಗಾಯ್ತ್. ಗಿಡದಗೆ ಎಲ್ ಉಳಿತ್? ಅವ್ಳ್ ದೇವ್ರಿಗೆ ಮಾತ್ರ ಹೂ, ನನ್ ದೇವ್ರ್ ಎಂತ ಪಾಪ ಮಾಡಿರ್?"

ಹೂ ಕೀಳಬೇಡಿ ಎಂದು ಬೋರ್ಡ್ ಹಾಕಬಹುದಿತ್ತು. ಆದರೆ ದೇವರಿಗೆ ಎಂದು ಕೊಯ್ಯುವ ಹೂವಿಗೆ ಯಾವ ಬೋರ್ಡೂ ಅಡ್ಡ ಬರುವುದಿಲ್ಲ ಎನ್ನುವುದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ವಿಷಯ. ರೈಲಿನಲ್ಲಿ ಕೂತು ಯೋಚಿಸುತ್ತ ಕಲ್ಯಾಣ ಬರುವ ಹೊತ್ತಿಗೆ ನನಗೊಂದು ಉಪಾಯ ಹೊಳೆಯಿತು. ಜನರನ್ನು ತಡೆಯಲು ಆಗದಿದ್ದರೆ ಹೂವನ್ನೇ ಬದಲಾಯಿಸಬೇಕು. ವರ್ಷವಿಡೀ ಅರಳಬೇಕು, ಒಮ್ಮೆ ನೆಟ್ಟರೆ ನಾಲ್ಕಾರು ವರ್ಷ ಬಾಳಬೇಕು, ಡೊಂಬಿವ್ಲಿಯ ಮಳೆಗೆ ಕೊಳೆಯಬಾರದು, ಮೇ ತಿಂಗಳ ಬಿಸಿಲಿಗೆ ಒಣಗಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ದೇವರಿಗೂ ನಡೆಯಬಾರದು. ಈ ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಪ್ರದರ್ಶನಕ್ಕೆ ಸಂಗಮ್ಮನನ್ನು ಕರೆದುಕೊಂಡು ಹೋದೆ. ಸಂಗಮ್ಮ ನಮ್ಮ ಕೆಳಗಿನ ಮನೆಯವಳು, ವಿಜಯಪುರ ಜಿಲ್ಲೆಯವಳು. ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಗೆ ಮಾಲು ಏರಿಸುವ ಹಮಾಲರ ಮೇಸ್ತ್ರಿ, ಮುಕಾದಮ. ನನಗಿಂತ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು. ಅವಳ ಮನೆಯ ಲಿಂಗಪೂಜೆಗೂ ಹಿಂದಿನ ನಂದಿಬಟ್ಟಲೇ ಆಧಾರ. ಅವಳ ಕನ್ನಡ, ನನ್ನ ಕನ್ನಡ ಒಂದಕ್ಕೊಂದು ಸೇರದೆ ಮೊದಲ ವರ್ಷ ನಾವಿಬ್ಬರೂ ಹಿಂದಿಯಲ್ಲೇ ಮಾತಾಡಿದ್ದುಂಟು.

ಭಾನುವಾರವಾದ್ದರಿಂದ ಪ್ರದರ್ಶನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೋನ್ಸಾಯ್ ಮುಂದೆ ಸೆಲ್ಫಿಯವರು, ಆರ್ಕಿಡ್ ಮುಂದೆ ಶ್ರೀಮಂತರು, ಕುಂಬಳಕಾಯಿಯಲ್ಲಿ ಕೆತ್ತಿದ ಗಣಪತಿಯ ಮುಂದೆ ಮಕ್ಕಳು. ನಮಗೆ ಬೇಕಾದ ಬಹುವಾರ್ಷಿಕಗಳ ಸಾಲು ಕೊನೆಯಲ್ಲಿತ್ತು. ಪನ್ವೇಲ್ ಕಡೆಯ ನರ್ಸರಿಯವನೊಬ್ಬ, ನಡುವಯಸ್ಸಿನವನು, ಆ ವರ್ಷದ ಹೊಸ ತಳಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಟ್ಟಿದ್ದ. ನೆಲದಲ್ಲಿ ನೆಡುತ್ತೇವೆ ಎಂದದ್ದೇ ತಡ, ಅವನ ಮುಖ ಅರಳಿತು. ನೆಲವಿರುವ ಗಿರಾಕಿ ಈ ಕಡೆ ಸಿಗುವುದು ಅಪರೂಪ. ಮೊದಲಿಗೆ ಒಂದು ದಾಸವಾಳ ತೋರಿಸಿದ. ನನ್ನ ಅಂಗೈಗಿಂತ ದೊಡ್ಡದು, ಕೇಸರಿ ಬಣ್ಣ, ನಡುವೆ ನೇರಳೆ. ಹಳೆಯದು ಸಂಜೆಗೆ ಬಾಡುತ್ತದೆ, ಇದು ಎರಡು ಮೂರು ದಿನ ಹಾಗೇ ನಿಲ್ಲುತ್ತದೆ ಎಂದ. ಆಮೇಲೆ ತನ್ನ ಬ್ರಹ್ಮಾಸ್ತ್ರ ಬಿಟ್ಟ: "ಪೂಜೇಲಾ ಏಕ್‌ದಮ್ ಛಾನ್!" ಪೂಜೆಗೆ ಬಲು ಚೆನ್ನ ಎಂದು.

"ಹಾಗಾದರೆ ಬೇಡ" ಎಂದೆ.

ಅವನು ತಬ್ಬಿಬ್ಬಾದ. ಕೆಂಪು ಕೇಪಳ ತೋರಿಸಿದ, ವರ್ಷವಿಡೀ ಬಿಡುವ ಕುಳ್ಳ ತಳಿ. ಪೂಜೆಗೆ ನಡೆಯುತ್ತದೆಯೇ ಎಂದೆ. ನಡೆಯುತ್ತದೆ ಎಂದ. ಬೇಡ ಎಂದೆ. ದುಂಡುಮಲ್ಲಿಗೆಯ ಮೇಲೆ ಕೈಯಿಟ್ಟವನು ನನ್ನ ಮುಖ ನೋಡಿ ಕೈ ಹಿಂದೆ ತೆಗೆದ.

ಸಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಅಕ್ಕಾರ, ಮಂದಿ ದೇವರಿಗಿ ನಡೀತದೇನು ಅಂತ ಕೇಳ್ತಾರ, ನೀವು ನಡ್ಯೂದಿಲ್ಲಲ್ಲ ಅಂತ ಕೇಳ್ತೀರಿ. ಪಾಪ, ಆ ಮನಷ್ಯಾ ನಿಮ್ಮನ್ನ ಯಾವ ಜಾತಿಯವ್ರು ಅಂತ ತಿಳ್ಕೋಬೇಕ್ರಿ?"

ಕಡೆಗೆ ವಿಷಯವನ್ನು ಅವನಿಗೆ ಬಿಡಿಸಿ ಹೇಳಿದೆ. ಅವನೂ ನಕ್ಕ. ಇಷ್ಟು ವರ್ಷ ಗಿಡ ಮಾರಿದ್ದೇನೆ, ಯಾರೂ ಹೀಗೆ ಕೇಳಿರಲಿಲ್ಲ ಎಂದ. ಆಮೇಲೆ ಮಳಿಗೆಯ ಹಿಂದಿನಿಂದ ಒಂದೊಂದೇ ಗಿಡ ತಂದ. ಆಕಾಶದ ಬಣ್ಣದ ಗೊಂಚಲು ಹೂವಿನ ಪ್ಲಂಬಾಗೊ. ಅದರ ತೊಟ್ಟು ಅಂಟಂಟು. ಮೊಣಕಾಲೆತ್ತರಕ್ಕೂ ಬೆಳೆಯದ ಹೊಸ ಕುಳ್ಳ ರುಯೆಲಿಯಾ. ನೇರಳೆ ಹೂ, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಉದುರುತ್ತದೆ, ಮರುದಿನ ಮತ್ತೆ ಅಷ್ಟೇ ಅರಳುತ್ತದೆ. ನಕ್ಷತ್ರದಂಥ ಸಣ್ಣ ಹೂಗಳ ಪೆಂಟಾಸ್, ಕೆಂಪು ಮತ್ತು ಗುಲಾಬಿ. ವಾಸನೆ ಎಂಬುದೇ ಇಲ್ಲ. ಎಲೆ ಮುಟ್ಟಿದರೆ ಮೂಗು ಮುಚ್ಚಿಕೊಳ್ಳಬೇಕಾದ, ನೆಲಕ್ಕೆ ಹಬ್ಬುವ ಹಳದಿ ಲಂಟಾನಾ. ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದೆ. ಅತ್ತೆಯ ಕಣ್ಣಿನಿಂದ ನೋಡಲು ಪ್ರಯತ್ನಿಸಿದೆ. ಇದರಲ್ಲಿ ಯಾವುದನ್ನೂ ಅವರು ದೇವರ ಹತ್ತಿರಕ್ಕೂ ಬಿಡುವುದಿಲ್ಲ ಎಂಬ ಖಾತ್ರಿಯಾದ ಮೇಲೆ ತೆಗೆದುಕೊಂಡೆ. ಮಳಿಗೆಯಿಂದ ಹೊರಡುವಾಗ ಮಾತ್ರ ಆ ಕೇಸರಿ ದಾಸವಾಳವನ್ನು ಇನ್ನೊಮ್ಮೆ ತಿರುಗಿ ನೋಡಿದೆ. ತುಂಬ ಚೆಂದವಿತ್ತು.

ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಗಿಡಗಳನ್ನು ತರುವುದೆಂದರೆ ಸಣ್ಣ ಕೆಲಸವಲ್ಲ. ಕಾಲ ಬುಡದಲ್ಲಿಟ್ಟರೆ ತುಳಿಯುತ್ತಾರೆ, ತೊಡೆಯ ಮೇಲಿಟ್ಟುಕೊಳ್ಳಲು ನಮಗೇ ಸೀಟಿಲ್ಲ. ಸಂಗಮ್ಮ ಎರಡು ಚೀಲಗಳನ್ನು ಮೇಲಿನ ಹಿಡಿಕೆಗೆ ನೇತುಹಾಕಿದಳು. ರೈಲು ಹೊರಳಿದಾಗಲೆಲ್ಲ ಒಬ್ಬರ ತಲೆಯ ಮೇಲೆ ಮಣ್ಣು ಉದುರುತ್ತಿತ್ತು. ಯಾರೂ ಬೈಯಲಿಲ್ಲ. ಮುಂಬ್ರಾ ದಾಟುವ ಹೊತ್ತಿಗೆ ಅರ್ಧ ಡಬ್ಬಿ ಗಿಡಗಳ ಬಗ್ಗೆ ವಿಚಾರಿಸಿತು. ಮೂಲೆಯ ಸೀಟಿನಲ್ಲಿದ್ದ ಹೆಂಗಸೊಬ್ಬಳು ಕೇಳಿಯೇಬಿಟ್ಟಳು, "ಪೂಜೇಲಾ ಚಾಲ್ತೇ ಕಾ?" ಪೂಜೆಗೆ ನಡೆಯುತ್ತದೆಯೇ ಎಂದು. ನಾನೂ ಸಂಗಮ್ಮನೂ ಒಟ್ಟಿಗೇ "ನಾಹೀ" ಎಂದೆವು. ಅವಳಿಗೆ ಆಮೇಲೆ ಆ ಗಿಡಗಳಲ್ಲಿ ಆಸಕ್ತಿ ಉಳಿಯಲಿಲ್ಲ. ಉಪಾಯ ಫಲಿಸುತ್ತದೆ ಎಂಬ ಧೈರ್ಯ ನನಗೆ ಬಂದದ್ದು ಅಲ್ಲೇ.

ನೆಡುವಾಗ ಒಂದು ಕಷ್ಟ ಎದುರಾಯಿತು. ಜಾಗ ಸಾಲದು. ಹಳೆಯ ದಾಸವಾಳಗಳಿಗೆ ಬಿಳಿ ಹಿಟ್ಟಿನಂಥ ಹುಳ ಹಿಡಿದಿತ್ತು, ಅದು ಹೊಸ ಗಿಡಗಳಿಗೂ ಹತ್ತುತ್ತದೆ ಎಂದ, ನೆಡಲು ಕರೆಸಿದ್ದ ತೋಟದ ಕೆಲಸದ ಮಾಳಿ. ನಂದಿಬಟ್ಟಲಿನ ನೆರಳಿನಲ್ಲಿ ಬೇರೇನೂ ಹೂ ಬಿಡುವುದಿಲ್ಲ ಎಂದೂ ಹೇಳಿದ. ತೆಗೆಯಬೇಕೆಂದರೆ ಎಲ್ಲವನ್ನೂ ತೆಗೆಯಬೇಕು. ಗೋಡೆಯ ಮೂಲೆಯ ಪಾರಿಜಾತವೂ ಒಳಗೊಳಗೇ ಟೊಳ್ಳಾಗಿತ್ತು. ನಾನು ಅತ್ತೆಯನ್ನು ಕೇಳಲು ಮೇಲೆ ಹೋದೆ. ಅವರು ಅಕ್ಕಿ ಆರಿಸುತ್ತಿದ್ದರು.

"ತೆಗೆದ್ರೆ ಮಣ್ಣ್ ಉಳಿತ್ತಾ?" ಎಂದು ಕೇಳಿದರು.

"ಉಳಿಯುತ್ತದೆ ಅತ್ತೆ."

ಮೊರದಿಂದ ತಲೆಯೆತ್ತದೆ ಹೇಳಿದರು: "ಹಂಗಾರೆ ನಿಂಗೆ ಸರಿ ಕಂಡದ್ದ್ ಮಾಡ್."

ಮಾಡಿದೆ. ಅವತ್ತು ಅವರು ಕೆಳಗಿಳಿಯಲಿಲ್ಲ. ಮರುದಿನ ಹೊಸ ಗಿಡಗಳನ್ನು ನೋಡಲು ಬಂದರು. ಪ್ಲಂಬಾಗೊ ಮುಟ್ಟಿ ಬೆರಳನ್ನು ಉಜ್ಜಿಕೊಂಡರು. "ಇದೆಂತ ಮರಾಯ್ತಿ, ಅಂಟ್ ಅಂಟ್ ಇತ್ತ್! ದೇವ್ರ್ ಕೈಗೆ ಅಂಟ್ಕಂಡ್ರೆ ಬಿಡ್ಸುಕೆ ಯಾರ್ ಹೋತ್ರ್?" ಪೆಂಟಾಸ್ ಮೂಸಿದರು. "ಕಾಗ್ದಕ್ಕೂ ಒಂದ್ ವಾಸ್ನಿ ಇರ್ತ್." ರುಯೆಲಿಯಾ ಮಧ್ಯಾಹ್ನಕ್ಕೇ ಉದುರುತ್ತದೆ ಎಂದಾಗ, "ಅಷ್ಟ್ ಗಡಿಬಿಡಿ ಇದ್ರೆ ಅರಳದ್ದೇ ಎಂತಕ್ಕೆ?" ಎಂದರು. ಲಂಟಾನಾದ ಹತ್ತಿರಕ್ಕೇ ಹೋಗಲಿಲ್ಲ. ಒಂದೊಂದಕ್ಕೂ ಅವರು ಮುಖ ಸಿಂಡರಿಸಿದ ಹಾಗೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಆ ಖುಷಿಯ ಭರದಲ್ಲಿ ಅವರ ತಂಬಿಗೆ ಮನೆಯಲ್ಲೇ ಉಳಿದಿತ್ತು ಎಂಬುದನ್ನು ನಾನು ಗಮನಿಸಲಿಲ್ಲ.

ದೇವರಿಗೆ ಅಂದಿನಿಂದ ಕಿಟಕಿಯ ತುಳಸಿಯ ಎರಡು ಕುಡಿ, ಒಂದು ಚಿಟಿಕೆ ಅಕ್ಷತೆ. ಅಂಗಡಿ ಹೂ ತರಲೇ ಎಂದರೆ ಬೇಡ ಎನ್ನುತ್ತಿದ್ದರು. ಸಂಗಮ್ಮ ವಾರಕ್ಕೊಮ್ಮೆ ಕಲ್ಯಾಣದ ಹೂವಿನ ಮಾರ್ಕೆಟ್ಟಿನಿಂದ ಪತ್ರೆ, ಸೇವಂತಿಗೆ ತರಿಸಿಕೊಳ್ಳತೊಡಗಿದಳು. ಮರಾಠಿ ಅಜ್ಜಿಯರು ಎಲ್ಲಿಂದಲೋ ತರಿಸಿಕೊಂಡರು. ಬೆಳಗಿನ ಗುಂಪು ಕರಗಿತು. ಕಾರಣವಿಲ್ಲದೆ ಯಾರು ಮೆಟ್ಟಿಲು ಇಳಿಯುತ್ತಾರೆ? ಅತ್ತೆಗೆ ಯಾರ ಮೊಣಕಾಲಿನ ಸುದ್ದಿಯೂ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕಿಟಕಿಯ ಹತ್ತಿರ ಕೂತು ನಾನು ಡಬ್ಬಿ ಕಟ್ಟುವುದನ್ನು ನೋಡುತ್ತಿದ್ದರು. ಪಲ್ಯಕ್ಕೆ ಉಪ್ಪು ಕಡಿಮೆ ಎಂಬ ಮಾತು ಮತ್ತೆ ಶುರುವಾಯಿತು. ಸಪ್ಟೆಂಬರ್ ದಾಟಲಿ, ಮಣ್ಣು ನಮ್ಮದಾಗಲಿ, ಆಮೇಲೆ ಒಂದು ಮೂಲೆಯಲ್ಲಿ ಅವರಿಗೊಂದು ದಾಸವಾಳ ನೆಟ್ಟರಾಯಿತು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಆ ಕೇಸರಿಯದೇ ತರಬೇಕೆಂದೂ ಇತ್ತು.

ಏಪ್ರಿಲ್, ಮೇ ತಿಂಗಳು ನನ್ನ ಬೆನ್ನು ಮುರಿಯಿತು. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ. ಬಟ್ಟೆ ಒಗೆದ ನೀರು, ಅಕ್ಕಿ ತೊಳೆದ ನೀರು ಎಲ್ಲವನ್ನೂ ಬಕೆಟ್ಟಿಗೆ ತುಂಬಿ ಮೆಟ್ಟಿಲಿಳಿದು ಹಾಕಿ ಬರುತ್ತಿದ್ದೆ. ಆಮೇಲೆ ಓಡಿ ಹೋಗಿ ರೈಲು ಹಿಡಿಯಬೇಕು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ಒಂದು ದಿನ ಬಕೆಟ್ಟಿನ ಇನ್ನೊಂದು ಕಡೆ ಹಿಡಿದುಕೊಂಡು, "ಮಮ್ಮೀ, ಪೆಹಲೇ ತೋ ಸಬ್ ಲೋಗ್ ಪಾನೀ ಡಾಲ್ತೇ ಥೇ ನಾ?" ಎಂದಳು. ಅವಳಿಗೆ ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಹೌದಲ್ಲ ಎನ್ನಿಸಿತು. ಮೊದಲು ಹತ್ತು ಮನೆಯ ಹತ್ತು ತಂಬಿಗೆ ಬೀಳುತ್ತಿತ್ತು, ಯಾರಿಗೂ ಭಾರವೆನ್ನಿಸಿರಲಿಲ್ಲ. ಆದರೆ ರೈಲಿಗೆ ತಡವಾಗುತ್ತಿತ್ತು, ಅದರ ಬಗ್ಗೆ ಮುಂದೆ ಯೋಚಿಸಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಆ ಗಿಡಗಳು ನಿಂತ ನಿಲುವಿನಲ್ಲಿ ಬೆಳೆದವು. ಪನ್ವೇಲಿನವನು ಸುಳ್ಳು ಹೇಳಿರಲಿಲ್ಲ. ಆಗಸ್ಟ್ ಹೊತ್ತಿಗೆ ಗೋಡೆಯುದ್ದಕ್ಕೂ ನೀಲಿ, ಅದರ ಮುಂದೆ ಕೆಂಪು ಗುಲಾಬಿ, ಅಂಚಿಗೆ ನೇರಳೆ. ಬಣ್ಣ ಹಚ್ಚದೆ ಎಷ್ಟೋ ವರ್ಷವಾಗಿದ್ದ ನಮ್ಮ ಬಿಲ್ಡಿಂಗಿನ ಹಿಂಬದಿ ಎಂದರೆ ಯಾರೂ ನಂಬುವಂತಿರಲಿಲ್ಲ. ಚಿಟ್ಟೆಗಳು ಬಂದವು. ಪಕ್ಕದ ಸೊಸೈಟಿಯವರು ಗೋಡೆಯ ಆಚೆಯಿಂದ ಫೋಟೊ ತೆಗೆದುಕೊಂಡರು. ಗಣಪತಿ ಹಬ್ಬದ ದಿನವೂ ಒಂದೇ ಒಂದು ಹೂವನ್ನು ಯಾರೂ ಮುಟ್ಟಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಆಫೀಸಿನಲ್ಲಿ ಎಲ್ಲರಿಗೂ ಮೊಬೈಲಿನಲ್ಲಿ ತೋರಿಸಿದೆ. ಅತ್ತೆಯನ್ನೂ ಒಂದು ದಿನ ಒತ್ತಾಯ ಮಾಡಿ ಇಳಿಸಿಕೊಂಡು ಹೋದೆ. ನಿಂತು ನೋಡಿ, "ಚೆಂದ ಇತ್ತ್" ಎಂದರು. ಯಾರದೋ ಮನೆಯ ಮದುವೆಯ ಅಲಂಕಾರ ನೋಡಿ ಹೇಳುತ್ತಾರಲ್ಲ, ಹಾಗೆ ಹೇಳಿದರು.

ಸಭೆ ಸಪ್ಟೆಂಬರಿನ ಒಂದು ಭಾನುವಾರ, ಕೆಳಗೆ ವಾಚ್‌ಮನ್ ಕೋಣೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ನಡೆಯಿತು. ನೀರಿನ ಟ್ಯಾಂಕು, ಟೆರೇಸಿನ ಸೋರಿಕೆ ಮುಗಿದು ಪಾರ್ಕಿಂಗಿನ ವಿಷಯ ಬಂತು. ಸೆಕ್ರೆಟರಿ ಎದ್ದು ನಿಂತು ಹೊಗಳಿದರು. ಇಷ್ಟು ಹೂ ನಾನು ಈ ಜಾಗದಲ್ಲಿ 'ಆಯುಷ್ಯಾತ್', ಜನ್ಮದಲ್ಲೇ, ನೋಡಿಲ್ಲ ಎಂದರು. ಕೊಟ್ಟ ಮಾತಿನಂತೆ ತಮ್ಮ ಕೈಯನ್ನು ತೋಟದ ಕಡೆಗೇ ಮೊದಲು ಎತ್ತಿದರು. ನಾನೂ ನಮ್ಮವರೂ ಎತ್ತಿದೆವು. ಎರಡನೇ ಮಾಳಿಗೆಯ ಒಬ್ಬ ಶಿಕ್ಷಕಿ ಎತ್ತಿದರು. ನಾನು ಹಿಂದೆ ತಿರುಗಿ ನೋಡಿದೆ. ಮತ್ತೆ ಯಾವ ಕೈಯೂ ಏಳಲಿಲ್ಲ.

ಪಾರ್ಕಿಂಗಿನ ಕಡೆಗೆ ಎಂದಾಗ ಒಂದೊಂದೇ ಕೈ ಎದ್ದಿತು. ಮೂರನೇ ಮಾಳಿಗೆಯ ಬಾಯಿಯ ಮಗ, ಮರಾಠಿ ಅಜ್ಜಿಯರ ಅಳಿಯಂದಿರು, ಸೊಸೆಯರು. ಯಾರ ಮುಖದಲ್ಲೂ ದ್ವೇಷವಿರಲಿಲ್ಲ. ಒಬ್ಬರು ನನ್ನ ಹತ್ತಿರ ಬಂದು, ಗಾರ್ಡನ್ ತುಂಬ ಸುಂದರವಾಗಿದೆ ಎಂದು ಹೇಳಿ ಹೋಗಿ ಕೈ ಎತ್ತಿದರು. ಸಂಗಮ್ಮನ ಗಂಡ ಆ ಮಳೆಗಾಲದಲ್ಲೇ ಒಂದು ಸೆಕೆಂಡ್‌ಹ್ಯಾಂಡ್ ವ್ಯಾನ್ ತೆಗೆದುಕೊಂಡಿದ್ದ. ಅವನೂ ಎತ್ತಿದ, ನನ್ನ ಕಡೆ ನೋಡದೆ.

ಸಭೆ ಮುಗಿದ ಮೇಲೆ ಸಂಗಮ್ಮ ನನ್ನನ್ನು ಮೆಟ್ಟಿಲ ಕೆಳಗೆ ಹಿಡಿದಳು. ಅವಳ ಕಣ್ಣು ಕೆಂಪಾಗಿತ್ತು. ನನಗೆ ಸಿಟ್ಟು ಬಂದಿತ್ತು, ಕೇಳಿಯೇಬಿಟ್ಟೆ: ಗಿಡಗಳನ್ನು ರೈಲಿನಲ್ಲಿ ಹೊತ್ತು ತಂದವಳು ನೀನು, ಗಂಡನಿಗೆ ಒಂದು ಮಾತು ಹೇಳಲಾಗಲಿಲ್ಲವೇ?

"ಏನಂತ ಹೇಳ್ಲಿ ಅಕ್ಕಾರ?" ಎಂದಳು. "ಪ್ರತಿ ವರ್ಷ ಹೇಳ್ತಿದ್ದೆ. ನನ್ನ ಲಿಂಗಪೂಜಿಗಿ ಹೂ ಬರೂದು ಅಲ್ಲಿಂದ, ಕೈ ಎತ್ತಿದ್ರ ಮನಿಯಾಗ ರೊಟ್ಟಿ ಇಲ್ಲ ಅಂತಿದ್ದೆ. ಸುಮ್ಮ ಕುಂಡ್ರತಿದ್ರು. ಎಲ್ಲಾ ಮನಿಯಾಗೂ ಹಂಗ ಇತ್ರಿ. ಮುದುಕ್ಯಾರು ಬಿಡ್ತಿದ್ದಿಲ್ಲ. ಈ ಸಲ ನಮ್ಮನಿಯವ್ರು ಕೇಳಿದ್ರು, ಅಲ್ಲಿ ನಿಂದೇನದ ಅಂತ. ನಂದೇನದ್ರಿ ಅಲ್ಲಿ?"

ಆ ಮಾತಿಗೆ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪ್ರತಿ ವರ್ಷ ಪಾರ್ಕಿಂಗಿನ ಮಾತು ಎದ್ದು ಮಲಗುತ್ತಿದ್ದದ್ದು ತಾನಾಗಿಯೇ ಅಲ್ಲ, ಅದನ್ನು ಒಂದೊಂದು ಮನೆಯ ಒಳಗೆ ಕೂತು ಮಲಗಿಸುತ್ತಿದ್ದವರು ಬೆಳಿಗ್ಗೆ ಚೀಲ ಹಿಡಿದು ಇಳಿಯುತ್ತಿದ್ದ ಆ ಹೆಂಗಸರೇ. ಅವರು ಸೊಸೈಟಿಯ ಸದಸ್ಯರಲ್ಲ, ಸಭೆಗೆ ಬರುವವರಲ್ಲ, ಮನೆ ಮಗನದೋ ಅಳಿಯನದೋ ಹೆಸರಿನಲ್ಲಿರುತ್ತದೆ. ನಾನು ಯಾರಿಗೂ ಬೇಡದ ಹೂವನ್ನು ಹುಡುಕಿ ಹುಡುಕಿ ತಂದೆ. ಅದು ನಿಜಕ್ಕೂ ಯಾರಿಗೂ ಬೇಡವಾಯಿತು. ನನಗೆ ಅವತ್ತು ಆದಷ್ಟು ಬೇಸರ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಅತ್ತೆಗೆ ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಬ್ಲಾಕ್ ಹಾಕುವರ್ ಯಾವಾಗ ಬತ್ರ್?" ಎಂದು ಮಾತ್ರ ಕೇಳಿದರು. ದೀಪಾವಳಿ ಕಳೆದ ಮೇಲೆ ಎಂದೆ. ಮಾಳಿಯನ್ನು ಕರೆಸಿ ಕೆಲವು ಗಿಡಗಳನ್ನು ಕುಂಡಕ್ಕೆ ಇಳಿಸಿ ಕಿಟಕಿಯ ಗ್ರಿಲ್ಲಿಗೆ ತಂದೆ. ಸಂಗಮ್ಮ ಎರಡು ಒಯ್ದಳು. ಉಳಿದವು ಬೇರುಬಿಟ್ಟು ದೊಡ್ಡವಾಗಿದ್ದವು, ಕೀಳಲು ಬರುವಂತಿರಲಿಲ್ಲ. ತಮಗೇನೂ ಗೊತ್ತಿಲ್ಲದ ಹಾಗೆ ಅವು ದೀಪಾವಳಿಯಲ್ಲೂ ಅರಳುತ್ತಲೇ ಇದ್ದವು.

ಕೆಲಸದವರು ಬರಬೇಕಾಗಿದ್ದ ದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಮನೆಯಲ್ಲಿಲ್ಲ. ಬಾಗಿಲು ತೆರೆದಿತ್ತು. ಕೆಳಗೆ ಓಡಿದೆ. ಅವರು ಸ್ನಾನ ಮಾಡಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಊರಿನಿಂದ ತಂದ ಬೆತ್ತದ ಬುಟ್ಟಿ ಹಿಡಿದು ಹೂ ಕೊಯ್ಯುತ್ತಿದ್ದರು. ನೀಲಿ ಗೊಂಚಲುಗಳನ್ನು ಒಂದೊಂದಾಗಿ ಚಿವುಟುತ್ತಿದ್ದರು. ಬೆರಳಿಗೆ ಅಂಟಿದ್ದನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಪೆಂಟಾಸ್ ಆಯಿತು, ರುಯೆಲಿಯಾ ಆಯಿತು. ಆ ನಾರುವ ಲಂಟಾನಾವನ್ನೂ ಬಿಡಲಿಲ್ಲ. ನಾನೂ ಸೇರಿಕೊಂಡೆ. ಬುಟ್ಟಿ ತುಂಬಿದ ಮೇಲೆ ಅವರು ನನ್ನ ದುಪಟ್ಟಾ ಕೇಳಿ ಪಡೆದು ಅದರಲ್ಲಿ ಕಟ್ಟಿದರು. ಗಿಡಗಳಲ್ಲಿ ಒಂದು ಹೂವೂ ಉಳಿಯಲಿಲ್ಲ.

ಮೇಲೆ ಬಂದು ದೇವರ ಮಣೆಯ ಮೇಲೆ ಅಷ್ಟನ್ನೂ ಏರಿಸಿದರು. ಊರಿನಿಂದ ಬಂದ ಹಿತ್ತಾಳೆಯ ದೇವರುಗಳು ನೀಲಿಯ ನಡುವೆ ಮೂಗಿನ ತುದಿಯಷ್ಟು ಕಾಣುತ್ತಿದ್ದವು. ನಾನು ಸುಮ್ಮನಿರಬೇಕಿತ್ತು, ಇರಲಾಗಲಿಲ್ಲ.

"ಇದು ದೇವರಿಗೆ ಆಗುವುದಿಲ್ಲ ಎಂದಿದ್ದಿರಲ್ಲ ಅತ್ತೆ?"

"ದೇವ್ರ್ ಎಲ್ ಹೇಳಿರ್? ನಾನ್ ಹೇಳದ್ದ್" ಎಂದರು. ಆರತಿಗೆ ಬತ್ತಿ ಹೊಸೆಯುತ್ತ, ನನಗಲ್ಲ, ತಮಗೆ ತಾವೇ ಎನ್ನುವಂತೆ ಹೇಳಿದರು: "ಮೊದ್ಲೇ ಕೊಯ್ಕಿತ್ತ್, ನಾನ್ ಕೊಯ್ಲಿಲ್ಲ."

ಕೆಳಗೆ ಟೆಂಪೋ ಬಂದು ನಿಂತು, ಬ್ಲಾಕುಗಳನ್ನು ನೆಲಕ್ಕೆ ಎತ್ತಿ ಹಾಕುವ ಸದ್ದು ಶುರುವಾಯಿತು. ಅತ್ತೆ ಎಡಗೈಯಲ್ಲಿ ಗಂಟೆ ತೆಗೆದುಕೊಂಡರು. ಆರತಿ ಮುಗಿದರೂ, ಕೆಳಗಿನ ಸದ್ದು ನಿಲ್ಲುವವರೆಗೂ ಅದನ್ನು ಬಾರಿಸುತ್ತಲೇ ಇದ್ದರು.